ಬರಹಕ್ಕಿಂತ ಮೊದಲಿನ ನೆನಪು

ಕೇಳುಗರೆಲ್ಲರಿಗೂ ನಮಸ್ಕಾರ.

ಪುರಾಣಕಥೆಗಳು ಹೇಗೆ ಹುಟ್ಟಿದವು ಎಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ ಬರುತ್ತದೆ. ಗುಡುಗು, ಮಿಂಚು, ರೋಗ, ಸಾವು ಇವುಗಳ ಕಾರಣ ತಿಳಿಯದ ಆದಿಮಾನವ ಹೆದರಿದ. ಆ ಹೆದರಿಕೆಯಲ್ಲಿ ದೇವತೆಗಳನ್ನು ಕಲ್ಪಿಸಿಕೊಂಡ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸ ಎಡ್ವರ್ಡ್ ಟೈಲರ್ ಕೂಡ ಪುರಾಣವನ್ನು ಹೆಚ್ಚುಕಡಿಮೆ ವಿಜ್ಞಾನ ಬರುವ ಮುಂಚಿನ ವಿವರಣೆ ಎಂದೇ ಕಂಡರು. ಈ ಮಾತು ಪೂರ್ತಿ ತಪ್ಪಲ್ಲ. ಆದರೆ ಇದರಿಂದ ಆ ಹಿರಿಯರಿಗೆ ಅನ್ಯಾಯವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಹೆದರಿದವನು ಓಡುತ್ತಾನೆ, ಅಡಗುತ್ತಾನೆ. ನೂರಾರು ತಲೆಮಾರು ಬಾಳುವ ಕಥೆ ಕಟ್ಟುವುದಕ್ಕೆ ಹೆದರಿಕೆಯೊಂದೇ ಸಾಲದು.

ಅಮೆರಿಕದ ಆರೆಗಾನ್ ಪ್ರದೇಶದ ಮೂಲನಿವಾಸಿಗಳಾದ ಕ್ಲಾಮತ್ ಜನರಲ್ಲಿ ಒಂದು ಕಥೆಯಿದೆ. ಪಾತಾಳದ ಒಡೆಯ ಲಾವೋ, ಮೇಲಿನ ಲೋಕದ ಒಡೆಯ ಸ್ಕೆಲ್. ಇಬ್ಬರಿಗೂ ಘೋರ ಯುದ್ಧ. ಕಾದು ಕೆಂಪಾದ ಬಂಡೆಗಳು ಆಕಾಶದಲ್ಲಿ ಹಾರಿದವು, ಬೂದಿ ಮಳೆಯಂತೆ ಸುರಿಯಿತು, ಕಾಡು ಹೊತ್ತಿ ಉರಿಯಿತು. ಕೊನೆಗೆ ಸೋತ ಲಾವೋ ತನ್ನ ಲೋಕಕ್ಕೆ ಹಿಮ್ಮೆಟ್ಟಿದ. ಅವನು ನಿಂತಿದ್ದ ಬೆಟ್ಟವೇ ಅವನ ಮೇಲೆ ಕುಸಿಯಿತು. ಉಳಿದ ಗುಂಡಿಯಲ್ಲಿ ನೀರು ತುಂಬಿತು.

ಭೂವಿಜ್ಞಾನಿಗಳು ಹೇಳುವುದೂ ಇದನ್ನೇ. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಎಂಬ ಜ್ವಾಲಾಮುಖಿ ಸಿಡಿದು, ಒಡಲು ಬರಿದಾಗಿ, ಒಳಕ್ಕೆ ಕುಸಿಯಿತು. ಅಲ್ಲೀಗ 594 ಮೀಟರ್ ಆಳದ ಕ್ರೇಟರ್ ಸರೋವರವಿದೆ. ಇದನ್ನು ಕಣ್ಣಾರೆ ಕಂಡವರು ಅಲ್ಲಿದ್ದರೇ? ಇದ್ದರು. 1938ರಲ್ಲಿ ಲೂಥರ್ ಕ್ರೆಸ್‌ಮನ್ ಎಂಬ ಪುರಾತತ್ತ್ವಜ್ಞರು ಅದೇ ಪ್ರದೇಶದ ಫೋರ್ಟ್ ರಾಕ್ ಗುಹೆಯನ್ನು ಅಗೆದಾಗ, ಮಜಾಮಾದ ಬೂದಿಯ ಪದರದ ಕೆಳಗೆ, ಗಿಡದ ತೊಗಟೆಯಿಂದ ಹೆಣೆದ ಚಪ್ಪಲಿಗಳು ಸಿಕ್ಕವು.

ಬರಹವೇ ಇಲ್ಲದ ಜನ ಇಷ್ಟು ದೀರ್ಘಕಾಲ ಇದನ್ನು ಹೇಗೆ ಉಳಿಸಿಕೊಂಡರು? “ಬೆಟ್ಟ ಸಿಡಿಯಿತು, ಕುಸಿಯಿತು” ಎಂದು ಒಣ ಮಾತಿನಲ್ಲಿ ಹೇಳಿದ್ದರೆ ಮೊಮ್ಮಕ್ಕಳ ಕಾಲಕ್ಕೇ ಮರೆತುಹೋಗುತ್ತಿತ್ತು. ಇಬ್ಬರು ಒಡೆಯರ ಹಗೆ, ಸೋಲು, ಗೆಲುವು ಸೇರಿದಾಗ ಮಗು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತದೆ. ಕಥೆ ನಡೆದ ಸ್ಥಳ ಕಣ್ಣೆದುರಿಗೇ ಇರುವುದರಿಂದ ಹೇಳುವವನಿಗೆ ದಾರಿ ತಪ್ಪುವುದಿಲ್ಲ. ಕಲ್ಪನೆ ಇಲ್ಲಿ ಸತ್ಯವನ್ನು ಮರೆಮಾಡಲು ಬಂದದ್ದಲ್ಲ, ಕಾಪಾಡಲು ಬಂದದ್ದು. ಉಪ್ಪು ಹಾಕಿದ ಮಾವು ಕೆಡದೆ ಉಳಿಯುವಂತೆ.

ಅಂಡಮಾನ್ ಸಮುದ್ರದ ಮೊಕೆನ್ ಜನರ ವಿಷಯದಲ್ಲಿ ಈ ನೆನಪು ಜೀವವನ್ನೇ ಉಳಿಸಿತು. ಜನರನ್ನು ನುಂಗುವ ‘ಲಬೂನ್’ ಎಂಬ ಅಲೆಯ ಕಥೆ ಅವರಲ್ಲಿತ್ತು. ಅದು ಬರುವ ಮೊದಲು ಕಡಲು ಹಿಂದೆ ಸರಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. 2004ರ ಡಿಸೆಂಬರ್ 26ರಂದು, ಸುನಾಮಿಗೆ ಮುಂಚೆ, ನೀರು ಹಿಂದೆ ಸರಿದಾಗ ಥಾಯ್ಲೆಂಡಿನ ಸುರಿನ್ ದ್ವೀಪಗಳ ಮೊಕೆನ್ನರು ಎತ್ತರದ ನೆಲಕ್ಕೆ ಓಡಿದರು. ಹಳ್ಳಿ ಕೊಚ್ಚಿಹೋಯಿತು, ಜನ ಉಳಿದರು.

ನೆನಪಿನ ಜೊತೆಗೆ ಪುರಾಣಕ್ಕೆ ಇನ್ನೊಂದು ಕೆಲಸವೂ ಇತ್ತು: ಯಾರಿಗೆ ಯಾವ ಹಕ್ಕು ಎಂದು ನಿರ್ಧರಿಸುವುದು. ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಇದನ್ನು ಚೆನ್ನಾಗಿ ಗುರುತಿಸಿದರು. ತಮ್ಮ ಮೂಲಪುರುಷರು ಇಂಥ ಗುಂಡಿಯಿಂದಲೇ ಭೂಮಿಯ ಮೇಲಕ್ಕೆ ಬಂದರು ಎಂದು ಅಲ್ಲಿನ ಕುಲದವರು ಹೇಳುವಾಗ, ಅದು ಸೃಷ್ಟಿಯ ಕುತೂಹಲವಲ್ಲ. ಸುತ್ತಲಿನ ನೆಲ ತಮ್ಮದು ಎಂಬ ಹಕ್ಕುಪತ್ರ. ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ನಗರ ಬ್ಯಾಬಿಲೋನಿನಲ್ಲಿ ಹೊಸವರ್ಷದ ಹಬ್ಬದ ನಾಲ್ಕನೆಯ ದಿನ, ಮರ್ದುಕ್ ದೇವ ಆದಿಕಡಲಿನ ದೇವತೆ ತಿಯಾಮತ್ತಳನ್ನು ಕೊಂದು ಅವಳ ದೇಹದಿಂದ ಭೂಮಿ ಆಕಾಶಗಳನ್ನು ಮಾಡಿದ ಕಥೆಯನ್ನು ಪುರೋಹಿತ ಪಠಿಸುತ್ತಿದ್ದ. ಮರ್ದುಕ್ ಆ ನಗರದ ದೇವರು. ಅವನು ದೇವತೆಗಳಿಗೆ ಅರಸನಾದರೆ ಬ್ಯಾಬಿಲೋನ್ ನಗರಗಳಿಗೆ ಅರಸಿಯಾಗುತ್ತದೆ. ಆದರೆ ಮರುದಿನ ಅದೇ ಗುಡಿಯಲ್ಲಿ ರಾಜನ ರಾಜದಂಡವನ್ನು ಕಿತ್ತುಕೊಂಡು, ಕೆನ್ನೆಗೆ ಹೊಡೆದು, “ನಾನು ಪಾಪ ಮಾಡಿಲ್ಲ, ನಗರವನ್ನು ಹಾಳುಮಾಡಿಲ್ಲ” ಎಂದು ಮಂಡಿಯೂರಿ ಹೇಳಿಸುತ್ತಿದ್ದರು. ಅಧಿಕಾರ ಕೊಟ್ಟ ಕಥೆಯೇ ವರ್ಷಕ್ಕೊಮ್ಮೆ ಲೆಕ್ಕವನ್ನೂ ಕೇಳುತ್ತಿತ್ತು.

ಎಲ್ಲ ಕಥೆಗಳೂ ಇಷ್ಟು ನ್ಯಾಯವಾಗಿರಲಿಲ್ಲ. ಬ್ಯಾಬಿಲೋನ್ ಇದ್ದ ಮೆಸೊಪೊಟೇಮಿಯಾ ನಾಡಿನಲ್ಲೇ, ದೇವತೆಗಳು ಕಳಿಸಿದ ಪ್ರಳಯದಲ್ಲಿ ಬದುಕುಳಿದ ಅತ್ರಹಾಸಿಸನ ಕಥೆ ಕ್ರಿಸ್ತಪೂರ್ವ 17ನೆಯ ಶತಮಾನದ ಜೇಡಿಮಣ್ಣಿನ ಫಲಕಗಳಲ್ಲಿ ಸಿಕ್ಕಿದೆ. ಕಾಲುವೆ ತೋಡಿ ತೋಡಿ ದಣಿದ ಕಿರಿಯ ದೇವತೆಗಳು ಸಲಕರಣೆಗಳನ್ನು ಸುಟ್ಟುಹಾಕಿ, ಎನ್ಲಿಲ್ ದೇವನ ಮನೆಗೆ ಮುತ್ತಿಗೆ ಹಾಕುತ್ತಾರೆ. ಅವರ ಹೊರೆ ಇಳಿಸಲೆಂದೇ ಮನುಷ್ಯನ ಸೃಷ್ಟಿ. ಹೂಳೆತ್ತುವ ನೋವು ಬಲ್ಲವರೇ ಇದನ್ನು ಕಟ್ಟಿರಬೇಕು. ಆದರೂ ಇದನ್ನು ಕೇಳಿದ ಕೂಲಿಯವನಿಗೆ ಸಿಗುವ ಅರ್ಥ ಒಂದೇ: ದುಡಿತ ನಿನ್ನ ಹುಟ್ಟಿನಲ್ಲೇ ಇದೆ. ಇಂಥ ಕಡೆ ಪುರಾಣ ಉಳ್ಳವರ ಪರ ನಿಲ್ಲುತ್ತದೆ. ಅದನ್ನು ಮೆಚ್ಚುವವರೂ ಈ ಮಾತನ್ನು ಒಪ್ಪಿಕೊಳ್ಳಲೇಬೇಕು.

ಅದೇ ಕಥೆಯ ಕೊನೆಯ ಭಾಗ ನನ್ನನ್ನು ಬಹಳ ಕಾಡಿದೆ. ಪ್ರಳಯ ಮುಗಿದ ಮೇಲೆ, ಮನುಷ್ಯರ ಸಂಖ್ಯೆ ಮಿತಿ ಮೀರಬಾರದೆಂದು ದೇವತೆಗಳು ಕೆಲವು ನಿಯಮಗಳನ್ನು ಮಾಡುತ್ತಾರೆ. ಹೆರುವವರ ಜೊತೆಗೆ ಹೆರದವರೂ ಇರಲಿ. ತಾಯಿಯ ಮಡಿಲಿನಿಂದ ಕೂಸನ್ನು ಕಿತ್ತೊಯ್ಯುವ ಪಾಶಿತ್ತು ಎಂಬ ಪಿಶಾಚಿಯೂ ಇರಲಿ ಎನ್ನುತ್ತಾರೆ. ಕ್ರೂರವಾದ ಮಾತು, ನಿಜ. ಆದರೆ ಎಷ್ಟೋ ಕೂಸುಗಳು ಹಾಲು ಬಿಡುವ ಮೊದಲೇ ತೀರಿಹೋಗುತ್ತಿದ್ದ ಕಾಲ ಅದು. ಮಗುವನ್ನು ಕಳೆದುಕೊಂಡವಳಿಗೆ ಈ ಕಥೆ ಸುಳ್ಳು ಸಮಾಧಾನ ಹೇಳುವುದಿಲ್ಲ, ಅವಳ ಮೇಲೆ ತಪ್ಪನ್ನೂ ಹೊರಿಸುವುದಿಲ್ಲ. ಇದು ನಿನ್ನಿಂದಾದದ್ದಲ್ಲ, ಲೋಕವನ್ನು ಮಾಡಿದವರ ತೀರ್ಮಾನ ಎಂದು ಎಲ್ಲರೆದುರಿಗೆ ಹೇಳುತ್ತದೆ.

ನಮಸ್ಕಾರ.