ಲಾರಿ ಕಾಟಾದಲ್ಲಿ ಗುಲಗಂಜಿ

ಗೆಳೆಯರೇ,

ರಾಯಚೂರಿನವರಿಗೆ ತೂಕದ ಮಾತು ಹೊಸದಲ್ಲ. ಹತ್ತಿ ಹೇರಿದ ಲಾರಿಯನ್ನು ಕಾಟಾದ ಮೇಲೆ ನಿಲ್ಲಿಸಿ ತೂಗುತ್ತೇವೆ. ನಮ್ಮದೇ ಜಿಲ್ಲೆಯ ಹಟ್ಟಿಯಲ್ಲಿ ಸಿಗುವ ಚಿನ್ನಕ್ಕೆ ಬೇರೆಯೇ ತಕ್ಕಡಿ. ಹತ್ತಿ ಲಾರಿಯ ಮೇಲೆ ಒಂದು ಗುಲಗಂಜಿ ಇಟ್ಟರೆ ಕಾಟಾದ ಅಂಕಿ ಅಲುಗುವುದಿಲ್ಲ. ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯೂ ಅದೇ ಜಾತಿಯದು. ಭಾರ ಹೆಚ್ಚಿದಂತೆ ಅದರ ಕಣ್ಣು ಮಂದವಾಗುತ್ತದೆ.

ಆ ಸಂಖ್ಯೆಗೆ ಇರುವ ಜಾಗ 64 ಬಿಟ್. ಅದರಲ್ಲಿ ನಿಖರತೆಗೆ ಸಿಗುವುದು 53. ಹೀಗಾಗಿ 9007199254740991ರವರೆಗೆ ಮಾತ್ರ ಪೂರ್ಣಾಂಕಗಳನ್ನು ನಂಬಬಹುದು. ಒಂಬತ್ತು ಸಾವಿರ ಲಕ್ಷ ಕೋಟಿ! ಅಂಗಡಿಯ ಲೆಕ್ಕಕ್ಕೆ ಧಾರಾಳವಾಯಿತು. ಆದರೆ ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಅದರ ನಾಣ್ಯವಾದ ಈಥರನ್ನು ವೇಯ್ ಎಂಬ ಅತಿ ಚಿಕ್ಕ ಘಟಕಗಳಲ್ಲಿ ಎಣಿಸುತ್ತಾರೆ. ಒಂದು ಈಥರ್ ಎಂದರೆ 1ರ ಮುಂದೆ 18 ಸೊನ್ನೆ ಹಾಕಿದಷ್ಟು ವೇಯ್. ಈಥರಿನ ನೂರನೇ ಒಂದು ಪಾಲಿಗೇ ಆ ಗಡಿ ದಾಟಿಹೋಗುತ್ತದೆ.

ನಾನು ಎಡವಿದ್ದು ಇಲ್ಲೇ. ನಿಜ ಹಣವಿಲ್ಲದ ಪರೀಕ್ಷಾ ಜಾಲದಲ್ಲಿ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಬರೆದು, ಇದ್ದ ಹಣವನ್ನೆಲ್ಲ ಹಿಂಪಡೆಯುವ ಗುಂಡಿಯೊಂದನ್ನು ಮಾಡಿದ್ದೆ. ಕಾಂಟ್ರ್ಯಾಕ್ಟ್‌ನಲ್ಲಿದ್ದದ್ದು 1000000000000000100 ವೇಯ್. ಅದನ್ನು ಸಾಮಾನ್ಯ ಸಂಖ್ಯೆಯಾಗಿ ಬದಲಿಸಿ ಪರದೆಯ ಮೇಲೆ ನೋಡಿದೆ; ಒಂದಂಕಿಯೂ ಹೆಚ್ಚುಕಡಿಮೆ ಇರಲಿಲ್ಲ. ಗುಂಡಿ ಒತ್ತಿದರೆ ಕಾಂಟ್ರ್ಯಾಕ್ಟ್ ಮಾತ್ರ ಒಪ್ಪಲೊಲ್ಲದು. ಎರಡು ಸಂಜೆ ಅದನ್ನೇ ಬೈಯುತ್ತ ಕಳೆದೆ. ಅಷ್ಟು ಎತ್ತರದಲ್ಲಿ ಜಾವಾಸ್ಕ್ರಿಪ್ಟ್ 128ರ ಅಂತರದಲ್ಲಿ ಹೆಜ್ಜೆ ಇಡುತ್ತದೆ. ಕೊನೆಯ 100 ಒಳಗೊಳಗೇ 128 ಆಗಿತ್ತು. ಮುದ್ರಿಸುವಾಗ ಮಾತ್ರ, ಆ ಸಂಖ್ಯೆಯನ್ನು ಗುರುತಿಸಲು ಸಾಕಾಗುವಷ್ಟು ಅಂಕಿಗಳನ್ನು ಬರೆದು ಉಳಿದ ಜಾಗಕ್ಕೆ ಸೊನ್ನೆ ತುಂಬುವುದರಿಂದ, ಮತ್ತೆ 100 ಎಂದೇ ಕಾಣುತ್ತಿತ್ತು. ಎಷ್ಟೇ ದೊಡ್ಡ ಪೂರ್ಣಾಂಕವನ್ನೂ ನಿಖರವಾಗಿ ಹಿಡಿಯುವ ಬಿಗ್‌ಇಂಟ್ ಎಂಬ ಸಂಖ್ಯಾ ಬಗೆಗೆ ಬದಲಿಸಿ ಕಳಿಸುವಾಗ ಒಳಗಿನ 128 ಹೊರಬಿತ್ತು. ಇಲ್ಲದ 28 ವೇಯ್ ಕೇಳಿದರೆ ಕಾಂಟ್ರ್ಯಾಕ್ಟ್ ಎಲ್ಲಿಂದ ತಂದು ಕೊಟ್ಟೀತು?

ಬಿಗ್‌ಇಂಟ್ 2020ರಲ್ಲಿ ಭಾಷೆಯ ಮಾನದಂಡಕ್ಕೆ ಸೇರಿತು. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಯುವ ಸಾಲಿಡಿಟಿ ಭಾಷೆಯ 78 ಅಂಕಿಗಳ ದೊಡ್ಡ ಸಂಖ್ಯೆಯೂ ಅದರಲ್ಲಿ ಇದ್ದಂತೆಯೇ ಉಳಿಯುತ್ತದೆ. ಆದರೆ ಅದಕ್ಕೆ ಮೊತ್ತವನ್ನು ಉದ್ಧರಣ ಚಿಹ್ನೆಯೊಳಗೆ, ಪಠ್ಯವಾಗಿಯೇ ಕೊಡಬೇಕು. ಸಾಮಾನ್ಯ ಸಂಖ್ಯೆಯಾಗಿ ಕೊಟ್ಟರೆ ಕೆಡುವುದು ಮೊದಲೇ ಕೆಟ್ಟಿರುತ್ತದೆ. ಬಳಕೆದಾರ 0.1 ಈಥರ್ ಎಂದು ಬರೆದರೆ ನೀವೇ ಗುಣಿಸಲು ಹೋಗಬೇಡಿ, ಈಥರ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಈಥರನ್ನು ವೇಯ್‌ಗೆ ಬದಲಿಸುವ ಪಾರ್ಸ್‌ಈಥರ್‌ಗೆ ಬಿಡಿ. ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಸಿ ಟೋಕನ್‌ಗೆ 18 ಅಲ್ಲ, 6 ದಶಮಾಂಶ ಸ್ಥಾನ. ಅದಕ್ಕೆ, ಸ್ಥಾನಗಳ ಸಂಖ್ಯೆಯನ್ನು ನಾವೇ ಹೇಳುವ ಪಾರ್ಸ್‌ಯೂನಿಟ್ಸ್ ಇದೆ. ದತ್ತಾಂಶವನ್ನು ಪಠ್ಯವಾಗಿ ಸಾಗಿಸುವ ಜೇಸನ್ ಮಾದರಿಗೆ ಬಿಗ್‌ಇಂಟ್ ಹಿಡಿಸುವುದಿಲ್ಲ, ಪಠ್ಯವಾಗಿಸಿಯೇ ಕಳಿಸಬೇಕು. ಬಿಗ್‌ಇಂಟನ್ನು ಸಾಮಾನ್ಯ ಸಂಖ್ಯೆಯ ಜೊತೆ ಕೂಡಿಸಿದರೆ ದೋಷ ಬರುತ್ತದೆ. ಬರಲಿ, ಸುಮ್ಮನೆ ತಪ್ಪು ಉತ್ತರ ಕೊಡುವುದಕ್ಕಿಂತ ಕೂಗಿ ಹೇಳುವುದು ಮೇಲು.

ಭಾಗಾಕಾರದಲ್ಲಿ ಬಿಗ್‌ಇಂಟ್ ದಶಮಾಂಶವನ್ನು ಕತ್ತರಿಸಿ ಎಸೆಯುತ್ತದೆ. 250 ವೇಯ್‌ಗೆ ಶೇಕಡಾ 3ರಷ್ಟು ಶುಲ್ಕ ಹಿಡಿಯಬೇಕು ಎನ್ನೋಣ. ಮೊದಲು 3ನ್ನು 100ರಿಂದ ಭಾಗಿಸಿದರೆ ಸೊನ್ನೆ, ಶುಲ್ಕವೂ ಸೊನ್ನೆ. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ 7 ಬರುತ್ತದೆ. ಬಿಟ್ಟುಹೋದ ಅರ್ಧ ವೇಯ್ ಯಾರ ಪಾಲಿಗೆ ಎಂಬುದನ್ನು ಕಾಂಟ್ರ್ಯಾಕ್ಟ್ ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಿ.