ಕುಡುಕ ರಾಜನೂ ಉದ್ರಿ ಪುಸ್ತಕಾನೂ

ನಮಸ್ಕಾರ ಎಲ್ಲರಿಗೂ. ಹಿಂದೆ ಟಪಟಪ ಅಂತ ಕೇಳ್ತಿರೋದು ಮೈಕ್ ಪ್ರಾಬ್ಲಮ್ ಅಲ್ಲ, ಶೀಟ್ ಮೇಲೆ ಬೀಳ್ತಿರೋ ಮಳೆ. ಜುಲೈ ತಿಂಗಳು ಮಡಿಕೇರೀಲಿ ಕೂತ್ಕೊಂಡು ಸೌಂಡ್‌ಪ್ರೂಫ್ ಬೇಕು ಅಂದ್ರೆ ಕೋಟೆ ಗೋಡೆ ಕೊರ್ದು ಒಳಗೆ ಕೂರ್ಬೇಕಷ್ಟೆ.

ಸರಿ, ವಿಷಯಕ್ಕೆ ಬರ್ತೀನಿ. ಹೋದ ವಾರ ಮಾಸ್ತಿಯವರ ಚಿಕವೀರ ರಾಜೇಂದ್ರ, ಅದೇ ಕೊಡಗಿನ ಕೊನೇ ರಾಜನ ಮೇಲಿನ ಕಾದಂಬರಿ, ಓದಿ ಅಂತ ಹೇಳಿದ್ದೆ ಅಲ್ವಾ, ಅದಕ್ಕೊಬ್ರು ಕಾಮೆಂಟ್ ಹಾಕಿದಾರೆ, "ಸರ್ ಆ ರಾಜನಲ್ಲಿ ಒಂದೂ ಒಳ್ಳೆ ಗುಣ ಇಲ್ಲ, ಕುಡುಕ, ಕ್ರೂರಿ, ರಿಲೇಟ್ ಆಗ್ಲಿಲ್ಲ, ಅರ್ಧಕ್ಕೆ ಬಿಟ್ಟೆ." ರಿಲೇಟ್ ಆಗ್ಲಿಲ್ವಂತೆ! ಒಳ್ಳೇದೇ ಆಯ್ತು ಬಿಡಿ ಸರ್, ತಂಗೀನೇ ಸೆರೇಲಿ ಇಟ್ಟವನ ಜೊತೆ ನೀವು ರಿಲೇಟ್ ಆಗಿದ್ರೆ ನಾನು ಫೋನ್ ಹಚ್ತಿದ್ದಿದ್ದು ನಿಮ್ಗಲ್ಲ, ನಿಮ್ಮ ಮನೆಯವ್ರಿಗೆ.

ನನ್ನ ಪಾಯಿಂಟ್ ಒಂದೇ. ಪಾತ್ರ ಎಷ್ಟು ಬೇಕಾದ್ರೂ ತಪ್ಪು ಮಾಡ್ಲಿ, ಆದ್ರೆ ಲೆಕ್ಕ ಇರ್ಬೇಕು. ನಮ್ಮೂರ ಅಂಗಡಿ ಕಾಕನ ಹತ್ರ ಒಂದು ಉದ್ರಿ ಪುಸ್ತಕ ಇದೆ, ಬೀಡಿಯಿಂದ ಹಿಡ್ದು ಬೆಲ್ಲದವರೆಗೆ ಎಲ್ಲ ಬರ್ದಿರ್ತಾರೆ, ಯಾರು ತಗೊಂಡ್ರು, ಯಾರು ಕಟ್ಟಿದ್ರು, ಯಾರ ಮಗ ಬಂದು ಕಟ್ಟಿದ. ಒಳ್ಳೆ ಕಾದಂಬರಿಕಾರನ ಹತ್ರನೂ ಅಂಥದ್ದೊಂದು ಇರುತ್ತೆ, ತಪ್ಪು ಯಾರು ಮಾಡಿದ್ರು, ಅದರ ಬೆಲೆ ಯಾರು ಕಟ್ಟಿದ್ರು ಅಂತ.

ಮಾಸ್ತಿ ನೋಡಿ. ಆ ರಾಜನನ್ನ ಅವ್ರು ಒಳ್ಳೆಯವನು ಅಂತ ತೋರ್ಸಕ್ಕೆ ಹೋಗೋದೇ ಇಲ್ಲ. ಪಕ್ಕದಲ್ಲಿ ರಾಜನ ಜೊತೆಗಾರ ಕುಂಟ ಬಸವ, ಈ ಕಡೆ ಎಲ್ಲಾ ನೋವನ್ನೂ ನುಂಗ್ಕೊಂಡಿರೋ ರಾಣಿ ಗೌರಮ್ಮ, ಆ ಕಡೆ ಮರ್ಯಾದೆ ಇರೋ ಮಂತ್ರಿಗಳು, ಒಂದೊಂದೇ ತಪ್ಪು ಪುಸ್ತಕಕ್ಕೆ ಏರ್ತಾ ಹೋಗಿ ಕೊನೆಗೆ ವಸೂಲಿಗೆ ಬರೋವಾಗ ರಾಜ್ಯನೇ ಹೋಗಿರುತ್ತೆ. 1834ರಲ್ಲಿ ಬ್ರಿಟಿಷರು ಕೊಡಗು ತಗೊಂಡ್ರು, ರಾಜನ್ನ ಕಾಶಿಗೆ ಕಳ್ಸಿದ್ರು, ಆಮೇಲೆ ಲಂಡನ್‌ಗೆ ಹೋದವನು 1859ರಲ್ಲಿ ಅಲ್ಲೇ ತೀರ್ಕೊಂಡ. ಸನ್‌ಸೆಟ್ ನೋಡೋಕೆ ಬಂದು ನಮ್ಮೂರ ರಾಜಾಸೀಟ್ ಪಾರ್ಕಲ್ಲಿ ಜೋಳ ತಿಂತಾ ಸೆಲ್ಫಿ ತಗೊಳೋರಿಗೆ ಇದನ್ನ ಹೇಳಿದ್ರೆ "ಹೌದಾ, ಸನ್‌ಸೆಟ್ ಎಷ್ಟೊತ್ತಿಗೆ?" ಅಂತಾರೆ.

ಈಗ್ಲೇ ಗೊತ್ತು, ಕೆಳಗೆ ಬರ್ತೀರ, "ಅವ್ನು ಅಷ್ಟು ಕೆಟ್ಟವನಲ್ಲ, ಬ್ರಿಟಿಷರು ಕೆಟ್ಟದಾಗಿ ಬರ್ದಿದ್ದು" ಅಂತ. ಅದು ಇತಿಹಾಸದ ಜಗಳ ಮಾರಾಯ್ರೆ, ಅದಕ್ಕೆ ಬೇರೆ ಎಪಿಸೋಡ್ ಮಾಡ್ತೀನಿ, ಸಬ್‌ಸ್ಕ್ರೈಬ್ ಆಗಿದ್ರೆ ನೋಟಿಫಿಕೇಷನ್ ಬರುತ್ತೆ. ನಾನೀಗ ಮಾತಾಡ್ತಿರೋದು ಕಾದಂಬರಿ ಒಳಗಿನ ರಾಜನ ಬಗ್ಗೆ.

ಇನ್ನೊಬ್ರು ಬುದ್ಧಿವಂತರು ಕೇಳಿದಾರೆ, "ಹಾಗಾದ್ರೆ ಭೈರಪ್ಪನವರ ಗೃಹಭಂಗ ಕಾದಂಬರಿಯ ಚೆನ್ನಿಗರಾಯ? ಅವ್ನು ಏನು ಕಟ್ಟಿದ?" ಅಂತ. ಏನೂ ಕಟ್ಲಿಲ್ಲ! ಹೆಂಡ್ತಿ ಮಕ್ಳು ಹಸ್ಕೊಂಡಿದ್ರೂ ತನ್ನ ಹೊಟ್ಟೆ ನೋಡ್ಕೊಳೋ ಪ್ರಾಣಿ ಅದು, ಓದ್ತಾ ಓದ್ತಾ ನಾನು ಎರಡು ಸಲ ಪುಸ್ತಕ ಮಂಚದ ಮೇಲೆ ಎಸ್ದಿದೀನಿ, ಲೈಬ್ರರಿ ಪುಸ್ತಕ ಅಂತ ನೆನಪಾಗಿ ಮತ್ತೆ ಎತ್ಕೊಂಡೆ. ಆದ್ರೆ ಲೆಕ್ಕ ಎಲ್ಲೋಯ್ತು? ಅವನ ಹೆಂಡ್ತಿ ನಂಜಮ್ಮನ ತಲೆ ಮೇಲೆ! ಶಾನುಭೋಗ ಅಂತ ಹೆಸ್ರು ಗಂಡಂದು, ಕೂತು ಲೆಕ್ಕ ಬರೆಯೋಳು ಅವ್ಳು, ಪ್ಲೇಗಲ್ಲಿ ಮಕ್ಕಳನ್ನ ಕಳ್ಕೊಂಡೋಳು ಅವ್ಳು. ಭೈರಪ್ಪನವರು ಅವನನ್ನ ಒಂದು ಕಡೆನೂ ಸಮರ್ಥನೆ ಮಾಡ್ಕೊಳಲ್ಲ, ಅವ್ನು ತಿಂದಿದ್ದನ್ನ ಬರೀತಾರೆ, ಇವ್ಳು ಕಟ್ಟಿದ್ದನ್ನ ಬರೀತಾರೆ, ಅಷ್ಟೇ. ಸಿಟ್ಟು ಬರುತ್ತೆ, ಬರ್ಲಿ! ಆ ಸಿಟ್ಟಿಗೇ ಅಲ್ವಾ ರಾತ್ರಿ ಎರಡು ಗಂಟೆವರೆಗೆ ಓದಿದ್ದು ನೀವು.

ಕೈಕೊಡೋ ಕಥೆ ಬೇರೆ ಥರ ಇರುತ್ತೆ. ಹೀರೋ ಹುಡುಗಿ ಕೆನ್ನೆಗೆ ಹೊಡೀತಾನೆ, ಮುಂದಿನ ಅಧ್ಯಾಯದಲ್ಲಿ ಫ್ಲ್ಯಾಶ್‌ಬ್ಯಾಕು, ಪಾಪ ಚಿಕ್ಕೋನಿದ್ದಾಗ ಅಮ್ಮ ಇರ್ಲಿಲ್ಲ, ಮಳೇಲಿ ಒಬ್ನೇ ನಿಂತಿದ್ದ. ನಮ್ಮೂರಲ್ಲಿ ಎಲ್ರೂ ವರ್ಷಕ್ಕೆ ನಾಲ್ಕು ತಿಂಗ್ಳು ಮಳೇಲೇ ನಿಂತಿರ್ತೀವಿ ಸ್ವಾಮಿ, ಯಾರೂ ಯಾರಿಗೂ ಹೊಡೆಯಲ್ಲ! ಇದು ಕಾಕನ ಪುಸ್ತಕದಿಂದ ಹಾಳೆ ಹರ್ದು ಜೇಬಿಗೆ ಹಾಕ್ಕೊಂಡ ಹಾಗೆ. ಆ ಹುಡುಗಿ ಕೆನ್ನೆ ಲೆಕ್ಕ ಯಾರು ಬರೀತಾರೆ?

ನಮ್ಮ ದೊಡ್ಡಪ್ಪ ಒಬ್ರು ರಮ್ಮಿ ಆಡಿ ಮೂರೆಕ್ರೆ ಕಾಫಿ ತೋಟ ಕಳೆದ್ರು. ಇವತ್ತಿಗೂ ಮದುವೆ ಮನೇಲಿ ನಾಲ್ಕು ಜನ ಸೇರಿದ್ರೆ ಅವ್ರದ್ದೇ ಕಥೆ. ಇನ್ನೊಬ್ರು ದೊಡ್ಡಪ್ಪ ದಿನಾ ಆರಕ್ಕೆ ಎದ್ದು, ಟೈಮಿಗೆ ಗೊಬ್ಬರ ಹಾಕ್ಸಿ, ಸಾಲ ತೀರ್ಸಿ, ಯಾರಿಗೂ ಬೈದವರಲ್ಲ. ಅವ್ರ ಬಗ್ಗೆ ಹೇಳೋಕೆ ಏನಿದೆ? ಅವ್ರು ಪಂದಿಕರಿ ಚೆನ್ನಾಗಿ ಮಾಡ್ತಾರೆ, ಮುಗೀತು. ಆದ್ರೆ ರಮ್ಮಿ ದೊಡ್ಡಪ್ಪನ ಕಥೆ ಮುಗಿಯೋದು ದೊಡ್ಡಮ್ಮ ಪಕ್ಕದ ತೋಟದಲ್ಲಿ ಕೂಲಿಯವ್ರ ಜೊತೆ ಕಾಳುಮೆಣಸು ಆರಿಸ್ತಾ ಕೂತಿದ್ರು ಅನ್ನೋ ಕಡೆ, ಅಲ್ಲಿವರೆಗೆ ನಗ್ತಿದ್ದೋರು ಅಲ್ಲಿ ಸುಮ್ನಾಗ್ತಾರೆ. ಅಂದ್ಹಾಗೆ ಕಾಳುಮೆಣಸು ಅಂದಿದ್ದಕ್ಕೆ ನೆನಪಾಯ್ತು, ನಮ್ಮನೆ ಕಾಳುಮೆಣಸು, ಪಂದಿಕರಿಗೆ ಹಾಕೋ ಹುಳಿ ಕಾಚಂಪುಳಿ, ಎರಡೂ ಇದೆ, ಬೇಕಾದೋರು ಮೆಸೇಜ್ ಹಾಕಿ.

"ಮಕ್ಳು ಓದ್ತಾರೆ, ಒಳ್ಳೆ ಪಾತ್ರ ಬೇಕು" ಅನ್ನೋರಿಗೆ ನಾನು ಉತ್ತರನೇ ಕೊಡಲ್ಲ. ಮಕ್ಳು ಓದ್ತಿದಾರಾ? ಎಲ್ಲಿ? ತೋರ್ಸಿ, ನಾನೇ ಬಂದು ಕೈ ಮುಗೀತೀನಿ. ಲೆಕ್ಕ ಬೇಕು ಅಂದ್ರೆ ಬೇಕು, ಯಾಕೆ ಅಂದ್ರೆ, ಬೇಕು ಅಷ್ಟೆ! ಇನ್ನೂ ಎರಡು ಕಾರಣ ಬರ್ದಿಟ್ಟಿದ್ದೆ, ಚೀಟಿ ಎಲ್ಲೋ... ಕಾಫಿ ಚೆಲ್ಲಿದೆ ಇದರ ಮೇಲೆ. ಇರ್ಲಿ. ಆ ಕಾಮೆಂಟ್ ಸ್ಕ್ರೀನ್ ಮೇಲೆ ಹಾಕ್ತೀನಿ ನೋಡಿ, ಎಲ್ರೂ ನೋಡ್ಲಿ ಯಾರು ಅಂತ, ಇದೇ ಇದೇ... ಅಯ್ಯೋ. ಹೆಸ್ರ ಪಕ್ಕ ಬ್ಯಾಡ್ಜ್ ಇದೆಯಲ್ಲ. ಇವ್ರು ಮೆಂಬರ್‌ಶಿಪ್ ತಗೊಂಡೋರಾ? ಸರ್, ಪುಸ್ತಕ ಅರ್ಧಕ್ಕೆ ಬಿಟ್ರೂ ಪರವಾಗಿಲ್ಲ ಸರ್, ನಿಮ್ಮಿಷ್ಟ, ಮೆಂಬರ್‌ಶಿಪ್ ಮಾತ್ರ ಬಿಡ್ಬೇಡಿ.