ಫೆಂಟನ್ನನ ಕುದುರೆಗಾಡಿ

ಕೇಳುಗರಿಗೆ ನಮಸ್ಕಾರ. ಫೋಟೊ ಬಗ್ಗೆ ರೇಡಿಯೊದಲ್ಲಿ ಮಾತಾಡುವುದು ಸ್ವಲ್ಪ ತಮಾಷೆಯೇ, ಅಲ್ವಾ? ಇರಲಿ, ಕಣ್ಣು ಮುಚ್ಚಿಕೊಂಡು ಕೇಳಿ. ಮರಗಳೇ ಇಲ್ಲದ ಬೋಳು ಗುಡ್ಡ, ಕೆಳಗೆ ಬಯಲು, ಬಯಲ ತುಂಬ ಬಿಳಿ ಡೇರೆಗಳು. ಜಾತ್ರೆಗೆ ಬಂದವರು ಬೀಡು ಬಿಟ್ಟ ಹಾಗೆ ಕಾಣುತ್ತದೆ. ಅದು 1855ರ ಕ್ರಿಮಿಯಾ, ಕಪ್ಪು ಸಮುದ್ರದ ದಡದಲ್ಲಿ ಬ್ರಿಟಿಷರು ರಷ್ಯನ್ನರ ಮೇಲೆ ಯುದ್ಧ ಮಾಡುತ್ತಿದ್ದ ಜಾಗ; ಅಲ್ಲಿನ ಬಾಲಾಕ್ಲಾವಾ ಬಂದರಿನ ಹತ್ತಿರದ ಬ್ರಿಟಿಷ್ ದಂಡು. ಫೋಟೊ ತೆಗೆದವನು ರೋಜರ್ ಫೆಂಟನ್.

ಮಾರ್ಚ್‌ನಲ್ಲಿ ಅವನು ಅಲ್ಲಿ ಹಡಗಿಳಿದಾಗ ಜೊತೆಗೆ 5 ಕ್ಯಾಮೆರಾ, 700 ಗಾಜಿನ ಹಲಗೆ, ಇಬ್ಬರು ಸಹಾಯಕರು, ಮತ್ತೆ ಒಂದು ಕುದುರೆಗಾಡಿ. ಗಾಡಿ ಮೊದಲು ವೈನ್ ವ್ಯಾಪಾರಿಯೊಬ್ಬನದು, ಅದನ್ನೇ ಕತ್ತಲೆಕೋಣೆ ಮಾಡಿಕೊಂಡಿದ್ದ. ಯಾಕಂದ್ರೆ ಆಗ ಗಾಜಿಗೆ ಕೊಲೋಡಿಯನ್ ಅನ್ನುವ ಅಂಟು ದ್ರಾವಣ ಬಳಿದು, ಬೆಳಕಿಗೆ ಚಿತ್ರ ಮೂಡಲಿ ಅಂತ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಫೋಟೊ ತೆಗೆದು, ಒಣಗುವ ಮೊದಲೇ ಗಾಡಿಗೆ ಓಡಿಬಂದು ತೊಳೆಯಬೇಕಿತ್ತು. ಬಿಸಿಲು ಏರಿದ ಮೇಲೆ ಗಾಡಿಯೊಳಗೆ ಕುಲುಮೆಯ ಸೆಕೆ. ಸಾಲದ್ದಕ್ಕೆ, ತಿಳಿ ಬಣ್ಣದ ಆ ಗಾಡಿ ದೂರಕ್ಕೂ ಎದ್ದು ಕಾಣುತ್ತಿತ್ತು, ರಷ್ಯನ್ನರ ಫಿರಂಗಿಗೆ ಒಳ್ಳೆ ಗುರಿ. ಏಪ್ರಿಲ್ 23ರಂದು ಗುಂಡು ಬೀಳುವ ಕಣಿವೆಗೆ ಹೊರಡುವಾಗ ಸಹಾಯಕ ಮಾರ್ಕಸ್ ಸ್ಪಾರ್ಲಿಂಗ್ ಗಾಡಿಯ ಮೇಲೆ ಕೂತು ಒಂದು ಫೋಟೊ ತೆಗೆಸಿಕೊಂಡ. ಗಾಡಿ ವಾಪಸ್ ಬರುತ್ತದೋ ಇಲ್ಲವೋ ಅಂತ! ಬಂತು.

ಯುದ್ಧ ನಡೆಯುವ ಜಾಗ ಇಷ್ಟು ಶಾಂತವಾಗಿ ಯಾಕಿದೆ ಅಂತ ನನಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಒಂದು ಫೋಟೊಗೆ ಕೆಲವು ಸೆಕೆಂಡು ಬೇಕು, ಓಡುವವನು ಅದರಲ್ಲಿ ಬರಿ ಮಸುಕು, ಅದಕ್ಕೇ ನಿಂತವರು, ಕೂತವರು, ಡೇರೆಗಳು ಮಾತ್ರ ಉಳಿದವು. ನೀಲಿ ಬಣ್ಣಕ್ಕೆ ಆ ಹಲಗೆ ಬೇಗ ಕಪ್ಪಾಗುತ್ತಿತ್ತು, ಹಾಗಾಗಿ ಕಾಗದದ ಮೇಲೆ ಅಚ್ಚು ತೆಗೆದಾಗ ಆಕಾಶವೂ ಬೆಳ್ಳಗೆ, ಖಾಲಿ ಖಾಲಿ.

ಹಾಗಂತ ಎಲ್ಲಾ ತಪ್ಪನ್ನೂ ಗಾಜಿನ ಮೇಲೆ ಹೊರಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಹೆಣ ಅಲುಗಾಡುವುದಿಲ್ಲವಲ್ಲ. ಅವನಿಗೆ ದುಡ್ಡು ಹಾಕಿದ್ದವರು ಮ್ಯಾಂಚೆಸ್ಟರಿನ ಆಗ್ನ್ಯೂ ಪ್ರಕಾಶನದವರು, ಅವರಿಗೆ ಬೇಕಿದ್ದದ್ದು ಮಾರಾಟವಾಗುವ ಚಿತ್ರ. ಅವನು ಬರುವ ಮೊದಲಿನ ಚಳಿಗಾಲದಲ್ಲಿ ಇಂಥವೇ ಡೇರೆಗಳಲ್ಲಿ ಸಾವಿರಾರು ಸೈನಿಕರು ಚಳಿಗೆ, ಕಾಯಿಲೆಗೆ ಸತ್ತಿದ್ದರು. ಜೂನ್‌ನಲ್ಲಿ ಕಾಲರಾ ಅವನನ್ನೂ ಹಿಡಿಯಿತು. ಊರಿಗೆ ಹಡಗು ಹತ್ತುವ ಹೊತ್ತಿಗೆ ಅವನ ಹತ್ತಿರ ಸುಮಾರು 360 ಚಿತ್ರಗಳಿದ್ದವು, ಒಂದರಲ್ಲೂ ಹೆಣ ಇರಲಿಲ್ಲ.